ಲ್ಯಾಬಿನಲ್ಲಿ ಟೈಪ್ ಮಾಡಿದ ಕನ್ನಡ ಫೋನಿಗೆ ಬಂದರೆ ಯಾಕೆ ಕೆಡುತ್ತದೆ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. 8ನೇ ಕ್ಲಾಸಿನ ಮಕ್ಕಳು ಕಂಪ್ಯೂಟರ್ ಲ್ಯಾಬಿನಲ್ಲಿ ನುಡಿ ತಂತ್ರಾಂಶ ಬಳಸಿ ಪ್ರಬಂಧ ಟೈಪ್ ಮಾಡಿದರು. ಅಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೀಟು, ನಡುವೆ ಪೌಂಡಿನ ಗುರುತು. ಕಂಪ್ಯೂಟರ್ ಕೆಟ್ಟಿದೆಯಾ? ಟೈಪಿಂಗ್ ಯಾವುದರಲ್ಲಿ ಕಲಿಸಲಿ?

ಉತ್ತರ: ಕಂಪ್ಯೂಟರ್ ಕೆಟ್ಟಿಲ್ಲ ಮೇಷ್ಟ್ರೇ. ಮಕ್ಕಳ ತಪ್ಪೂ ಇಲ್ಲ. ಪರದೆ ಮೇಲೆ ಕಂಡಿದ್ದು ಕನ್ನಡ, ಫೈಲಿನ ಒಳಗೆ ಕೂತಿದ್ದು ಬೇರೆ, ಅಷ್ಟೇ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಗೊತ್ತು. ಹಳೇ ಬಗೆಯ ಫಾಂಟಿನಲ್ಲಿ ಇದ್ದದ್ದು 256 ಜಾಗ. ಅಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಆಗಲೇ ಸೀಟು ಹಿಡಿದು ಕೂತಿದ್ದವು. ಕನ್ನಡ ಫಾಂಟ್ ಮಾಡಿದವರು ಬೇರೆ ದಾರಿ ಇಲ್ಲದೆ ಬಸ್ಸಿನಲ್ಲಿ ಟವೆಲ್ ಹಾಕಿದ ಹಾಗೆ ಅವೇ ಸೀಟುಗಳ ಮೇಲೆ ನಮ್ಮ ಅಕ್ಷರದ ಚೂರುಗಳನ್ನು ಕೂರಿಸಿದರು. ನುಡಿಯ ಹಳೇ ಫಾಂಟಿನಲ್ಲಿ ನೀವು ನೋಡುವ ‘ಕ’ ಒಳಗಡೆ 80 ಮತ್ತು 192 ಅನ್ನುವ ಎರಡು ನಂಬರ್. 80 ಅಂದರೆ ಇಂಗ್ಲಿಷಿನ ದೊಡ್ಡ ಪಿ. 192 ಅಂದರೆ ತಲೆ ಮೇಲೆ ಗೀಟಿರುವ ಎ. ‘ನ’ ಅಕ್ಷರದ ಮೊದಲ ಚೂರು ಕೂತಿರುವುದು ಪೌಂಡಿನ ಜಾಗದಲ್ಲಿ. ಆ ಫಾಂಟ್ ಇರುವ ಲ್ಯಾಬಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ನಿಮ್ಮ ಫೋನಿನಲ್ಲಿ ಬಣ್ಣ ಬಯಲು.

ಇದಕ್ಕೆ ಪರಿಹಾರ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ನಂಬರ್ ಕೊಡುವ ಜಾಗತಿಕ ಪಟ್ಟಿ. ಅದರಲ್ಲಿ ‘ಕ’ಗೆ ಸ್ವಂತ ಮನೆ ನಂಬರ್ ಇದೆ: 3221. ಬೀದರಿನ ಲ್ಯಾಬಿಗೂ ದುಬೈನ ಫೋನಿಗೂ 3221 ಅಂದರೆ ಕ, ಇನ್ನೇನೂ ಅಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡ ಇದೆ.

ಹಾಗಾಗಿ ಕಲಿಸುವುದಿದ್ದರೆ ಯೂನಿಕೋಡಿನಲ್ಲೇ ಕಲಿಸಿ. ನುಡಿಯನ್ನು ಬಿಸಾಡಬೇಕಿಲ್ಲ, ಅದರ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಆಯ್ಕೆ ಇದೆ, ಬರಹ ಅನ್ನುವ ತಂತ್ರಾಂಶದಲ್ಲೂ ಇದೆ. ನುಡಿಯಲ್ಲಿ ಬಳಸುವ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೇ ವಿಂಡೋಸ್ ಬದಲು ಬಳಸುವ ಉಬುಂಟುವಿನಲ್ಲೂ ಕಗಪ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಮಕ್ಕಳ ಬೆರಳಿಗೆ ಅಭ್ಯಾಸವಾದ ಕೀಲಿಗಳು ಬದಲಾಗುವುದಿಲ್ಲ.

ಆದರೆ ನನ್ನನ್ನು ಕೇಳಿದರೆ, ಈ ಎಡವಟ್ಟನ್ನು ಸುಮ್ನೆ ಸರಿಪಡಿಸಿ ಮುಂದೆ ಹೋಗಬೇಡಿ. ಒಂದು ಪೀರಿಯಡ್ ಇದಕ್ಕೇ ಕೊಡಿ. ಕೆಟ್ಟ ಫೈಲ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಫಾಂಟನ್ನು ಟೈಮ್ಸ್ ನ್ಯೂ ರೋಮನ್‌ಗೆ ಬದಲಾಯಿಸಲು ಹೇಳಿ. ಪ್ರಬಂಧ ಅವರ ಕಣ್ಣೆದುರೇ ಇಂಗ್ಲಿಷ್ ಕಸವಾಗುತ್ತದೆ. ಯೂನಿಕೋಡ್ ಫೈಲಿಗೆ ಅದನ್ನೇ ಮಾಡಿದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಯಾವ ಫೈಲ್ ಯಾವ ಬಗೆಯದು ಅಂತ ತಿಳಿಯಲು ದೊಡ್ಡವರಿಗೂ ಇದೇ ಪರೀಕ್ಷೆ ಸಾಕು.

ಆಮೇಲೆ ಹಾಜರಿ ಪಟ್ಟಿ. ಹಳೇ ಫಾಂಟಿನಲ್ಲಿ ಹೆಸರು ಹಾಕಿ ಎಕ್ಸೆಲ್‌ನಲ್ಲಿ ಅಕಾರಾದಿಯಾಗಿ ಜೋಡಿಸಿದರೆ ರವಿ ಮೊದಲು, ತಾರಾ ಆಮೇಲೆ. ಯಾಕಂದ್ರೆ ಅಲ್ಲಿ ‘ರ’ ಅಂದರೆ ಇಂಗ್ಲಿಷಿನ ಜಿ, ‘ತ’ ಅಂದರೆ ವಿ. ಕಂಪ್ಯೂಟರ್ ಇಂಗ್ಲಿಷ್ ವರ್ಣಮಾಲೆ ನೋಡಿ ಜೋಡಿಸಿತು, ಪಾಪ. ಕನ್ನಡದಲ್ಲಿ ಹುಡುಕಿದರೆ ಅಂಥ ಫೈಲುಗಳು ಸಿಗದೇ ಇರುವುದೂ ಇದಕ್ಕೇ.

ವ್ಯಾಕರಣಕ್ಕೂ ಇದು ಬರುತ್ತದೆ. ಇದೇ ಕೀಲಿಮಣೆಯಲ್ಲಿ ‘ಸ್ತ್ರೀ’ ಟೈಪ್ ಮಾಡಿಸಿ ನೋಡಿ. ಎಸ್, ಎಫ್, ಟಿ, ಎಫ್, ಆರ್, ಕೊನೆಗೆ ಶಿಫ್ಟ್ ಹಿಡಿದು ಐ. ತ ಒತ್ತಿಗೆ, ರ ಒತ್ತಿಗೆ ಬೇರೆ ಕೀಲಿಯೇ ಇಲ್ಲ. ಎಫ್ ಒತ್ತಿದರೆ ಹಿಂದಿನ ಅಕ್ಷರದ ಸ್ವರ ಬೀಳುತ್ತದೆ, ಮುಂದಿನದು ಬಂದು ಅಂಟಿಕೊಳ್ಳುತ್ತದೆ. ಸಂಯುಕ್ತಾಕ್ಷರವನ್ನು ಬೋರ್ಡಿನ ಮೇಲೆ ಎಷ್ಟು ಬಿಡಿಸಿ ಬರೆದರೂ ಮಕ್ಕಳಿಗೆ ಇಷ್ಟು ಬೇಗ ಹತ್ತುವುದಿಲ್ಲ ಅಲ್ವಾ?

ಒಂದು ಮಾತು. ಊರಿನ ಡಿಟಿಪಿ ಅಂಗಡಿಯವರು ಹಳೇ ಫಾಂಟೇ ಬೇಕು ಅಂದರೆ ಜಗಳಕ್ಕೆ ಹೋಗಬೇಡಿ. ಪೇಜ್‌ಮೇಕರಿನಂಥ ಹಳೇ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ, ಅವರದ್ದು ಅವರ ಕಷ್ಟ.

ಈಗಾಗಲೇ ಟೈಪ್ ಆಗಿರುವ ಪ್ರಬಂಧಗಳನ್ನು ಮತ್ತೆ ಹೊಡೆಯುವುದು ಬೇಡ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಿ. ಹಳೇ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತಿತ್ತು, ಯೂನಿಕೋಡಿನಲ್ಲಿ ಮೊದಲು ಬರಬೇಕು. ಆ ಅದಲುಬದಲಿನಲ್ಲಿ ತಪ್ಪು ನುಸುಳಬಹುದು.