ಪದ ಪರಿಚಯ: ಜೀವಕೋಶ

ಅಕ್ಕನ ಮಗಳು ಈಗ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದವಳು ತಲೆಯೆತ್ತಿ ಕೇಳಿದಳು: "ಮಾಮ, ಶ್ವಾಸಕೋಶ ಅಂದ್ರೆ ಒಂದೇ ಒಂದು ದೊಡ್ಡ ಜೀವಕೋಶಾನಾ?"

ಅಕ್ಕ ಅಡುಗೆಮನೆಯಿಂದಲೇ ನಕ್ಕಳು. ನನಗೆ ನಗು ಬರಲಿಲ್ಲ. ಶ್ವಾಸಕೋಶ, ಗರ್ಭಕೋಶ, ಮೂತ್ರಕೋಶ, ಜೀವಕೋಶ ಅಂತ ಸಾಲಾಗಿ ಬರೆದು ನೋಡಿ. ಹುಡುಗಿ ಕೇಳಿದ್ದರಲ್ಲಿ ತಪ್ಪೇನಿದೆ? ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಈ ಅನುಮಾನ ಬರುವುದೇ ಇಲ್ಲ. ಅಲ್ಲಿ ಲಂಗ್ಸ್ ಬೇರೆ, ಸೆಲ್ ಬೇರೆ.

ಕೋಶ ಸಂಸ್ಕೃತದಿಂದ ಬಂದ ಪದ. ಏನನ್ನೋ ಒಳಗಿಟ್ಟುಕೊಂಡು ಕಾಯುವುದೆಲ್ಲ ಕೋಶವೇ. ಕತ್ತಿಯ ಒರೆ ಕೋಶ, ರಾಜನ ಬೊಕ್ಕಸ ಕೋಶ, ರೇಷ್ಮೆಹುಳದ ಗೂಡೂ ಕೋಶ. ಪದಗಳನ್ನು ತುಂಬಿಟ್ಟರೆ ಶಬ್ದಕೋಶ. ಉಸಿರು ತುಂಬಿಕೊಳ್ಳುವ ಚೀಲ ಶ್ವಾಸಕೋಶ. ಹಾಗಾಗಿ ಶ್ವಾಸಕೋಶದಲ್ಲಿರುವ ಕೋಶ ಬರೀ ಚೀಲ, ಅದೊಂದು ಅಂಗ. ಜೀವಕೋಶದಲ್ಲಿರುವ ಕೋಶ, ಅಂಥ ಅಂಗಗಳನ್ನೆಲ್ಲ ಕಟ್ಟಿರುವ, ಬರಿಗಣ್ಣಿಗೆ ಕಾಣದ ಪುಟ್ಟ ಜೀವ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಜೀವಕೋಶಗಳಿವೆ.

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ನಿಜವಾಗಿ ಜೀವಕೋಶವಾಗಿರುವ ಕೆಲವನ್ನು ನಾವು ಕೋಶ ಅನ್ನುವುದೇ ಇಲ್ಲ, ಕಣ ಅನ್ನುತ್ತೇವೆ. ಕೆಂಪು ರಕ್ತಕಣ, ಬಿಳಿ ರಕ್ತಕಣ ಎರಡೂ ಜೀವಕೋಶಗಳೇ. ಡೆಂಗಿ ಬಂದಾಗ ಮನೆಮಂದಿಯೆಲ್ಲ ಲೆಕ್ಕ ಕೇಳುವ ಪ್ಲೇಟ್‌ಲೆಟ್ ಮಾತ್ರ ಪೂರ್ತಿ ಜೀವಕೋಶ ಅಲ್ಲ. ಮೂಳೆಮಜ್ಜೆಯಲ್ಲಿರುವ ಒಂದು ದೊಡ್ಡ ಕೋಶದಿಂದ ಕಳಚಿಬಿದ್ದ ಚೂರು ಅದು.

ಇಂಗ್ಲಿಷಿನ ಸೆಲ್ ಏನೂ ಇದಕ್ಕಿಂತ ಮೇಲಲ್ಲ ಬಿಡಿ. ಅದರ ಮೂಲ ಅರ್ಥ ಪುಟ್ಟ ಕೋಣೆ. ಜೈಲಿನಲ್ಲಿರುವುದೂ ಸೆಲ್, ಟಾರ್ಚಿಗೆ ಹಾಕುವುದೂ ಸೆಲ್. 1665ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಬಾಟಲಿಗೆ ಹಾಕುವ ಬಿರಡೆಯ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದನ್ನು ಬರೆದ. ಬಿರಡೆ ಅಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಜೇನುಗೂಡಿನ ಹಾಗೆ ಒತ್ತೊತ್ತಾಗಿ ಕೋಣೆಗಳು ಕಂಡವು. ಒಂದು ಇಂಚಿನ ಉದ್ದಕ್ಕೆ ಸಾವಿರಕ್ಕೂ ಜಾಸ್ತಿ ಅಂತ ಎಣಿಸಿದ. ಅದೇ ಲೆಕ್ಕ ಹಿಡಿದು ಒಂದು ಘನ ಇಂಚಿಗೆ 125 ಕೋಟಿಗೂ ಹೆಚ್ಚು ಅಂದ. ಆ ಕೋಣೆಗಳಿಗೆ ಸೆಲ್ ಎಂಬ ಹೆಸರು ಬಿತ್ತು.

ಆದರೆ ಅವನು ನೋಡಿದ್ದು ಪಾಳುಮನೆ. ಬಿರಡೆಯ ಕೋಶಗಳು ಸತ್ತು ಒಳಗೆಲ್ಲ ಖಾಲಿಯಾಗಿರುತ್ತವೆ, ಗೋಡೆ ಮಾತ್ರ ನಿಂತಿರುತ್ತದೆ. ಮನೆಯವರೆಲ್ಲ ಹೋದಮೇಲೆ ಬಂದವನು ಗೋಡೆ ನೋಡಿ ಇಟ್ಟ ಹೆಸರು ಇದು. ಗೋಡೆಯೇ ಮುಖ್ಯ ಅನ್ನುವ ಭಾವನೆ ಆ ಪದಕ್ಕೆ ಅಲ್ಲಿಂದಲೇ ಅಂಟಿಕೊಂಡಿದೆ. ಪ್ರಾಣಿಗಳ ಕೋಶಕ್ಕೆ ಗೋಡೆ ಇರುವುದೇ ಇಲ್ಲ! ನಮ್ಮ ಕೋಶಗಳ ಸುತ್ತ ಇರುವುದು ಕೊಬ್ಬಿನ ಎರಡು ಪದರದ ತೆಳುವಾದ ಪೊರೆ. ಗಿಡಗಳಲ್ಲಿ ಆ ಪೊರೆಯ ಹೊರಗೆ ಗೋಡೆಯೂ ಇರುತ್ತದೆ, ಪಠ್ಯಪುಸ್ತಕದ ಮಾತಿನಲ್ಲಿ ಕೋಶಭಿತ್ತಿ.

ಒಳಗೇನಿದೆ ಅಂತ ನೋಡಲು ಈರುಳ್ಳಿಗಿಂತ ಸುಲಭದ್ದು ಇಲ್ಲ. ಈರುಳ್ಳಿ ಪದರವೊಂದನ್ನು ಮುರಿದಾಗ ಒಳಬದಿಯಲ್ಲಿ ತೆಳ್ಳನೆ ಸಿಪ್ಪೆ ಜೋತುಬೀಳುತ್ತದಲ್ಲ, ಅದನ್ನು ಎಳೆದು ಗಾಜಿನ ಮೇಲೆ ಹರಡಿ, ಒಂದು ಹನಿ ಬಣ್ಣ ಬಿಟ್ಟರೆ ಆಯ್ತು. ಉದ್ದುದ್ದ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ. ಒಂದೊಂದು ಇಟ್ಟಿಗೆಯಲ್ಲೂ ಬಣ್ಣ ಕುಡಿದ ಒಂದು ಚುಕ್ಕೆ, ಅದೇ ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರ. ಹೆಸರು ಕೇಂದ್ರ, ಆದರೆ ಈರುಳ್ಳಿಯಲ್ಲಿ ಅದು ಎಷ್ಟೋ ಸಲ ಮೂಲೆ ಸೇರಿರುತ್ತದೆ. ನಡುವಿನ ಜಾಗವನ್ನೆಲ್ಲ ರಸದಾನಿ ಎಂಬ ನೀರಿನ ಚೀಲ ಆಕ್ರಮಿಸಿಕೊಂಡಿರುತ್ತದೆ. ಎಲೆಗಳಲ್ಲಿ ಬಿಸಿಲು ಹಿಡಿದು ಆಹಾರ ಮಾಡುವ ಹಸಿರು ಕಣಗಳು ಇಲ್ಲಿ ಕಾಣುವುದಿಲ್ಲ. ನೆಲದೊಳಗೆ ಬೆಳೆಯುವ ಗೆಡ್ಡೆಗೆ ಅದರಿಂದ ಏನು ಕೆಲಸ?

ಉಳಿದ ಹೆಸರುಗಳು ಪರೀಕ್ಷೆಗೆ ಓದಿದ ಎಲ್ಲರಿಗೂ ಗೊತ್ತು. ಆಹಾರದಿಂದ ಶಕ್ತಿ ತೆಗೆಯುವುದು ಮೈಟೊಕಾಂಡ್ರಿಯ, ಪ್ರೋಟೀನ್ ಕಟ್ಟುವುದು ರೈಬೊಸೋಮ್. ಪುಸ್ತಕದ ಚಿತ್ರದ ಬಗ್ಗೆ ಮಾತ್ರ ನನ್ನದೊಂದು ತಕರಾರಿದೆ. ಅಲ್ಲಿ ಇವೆಲ್ಲ ವಿಶಾಲವಾದ ಕೆರೆಯಲ್ಲಿ ಅಲ್ಲೊಂದು ಇಲ್ಲೊಂದು ತೇಲುವ ಹಾಗೆ ಬರೆದಿರುತ್ತಾರೆ. ನಿಜವಾದ ಕೋಶದ ಒಳಗು ಬೆಳಗ್ಗೆ ಒಂಬತ್ತು ಗಂಟೆಯ ಸಿಟಿ ಬಸ್ಸು. ಪ್ರೋಟೀನುಗಳು ಒಂದನ್ನೊಂದು ತಳ್ಳಿಕೊಂಡೇ ಓಡಾಡುತ್ತಿರುತ್ತವೆ.

ಹೊಸ ಕೋಶ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಗಲು ಹುಕ್ ನೋಡಿದ ಮೇಲೆ ಸುಮಾರು 200 ವರ್ಷ ಬೇಕಾಯಿತು. ಜೀವಿಗಳೆಲ್ಲ ಕೋಶಗಳಿಂದಲೇ ಆಗಿವೆ ಎಂದು 1838-39ರಲ್ಲಿ ಜರ್ಮನಿಯ ಶ್ಲೈಡೆನ್ ಮತ್ತು ಶ್ವಾನ್ ಹೇಳಿದ್ದರು. ಆದರೆ ಹೊಸ ಕೋಶ ದ್ರವದೊಳಗೆ ಹರಳು ಕಟ್ಟುವಂತೆ ತಾನಾಗಿ ಮೂಡುತ್ತದೆ ಅಂದುಕೊಂಡಿದ್ದರು. ಅದು ತಪ್ಪು, ಕೋಶ ಒಡೆದೇ ಕೋಶ ಹುಟ್ಟುವುದು ಎಂದು ರಾಬರ್ಟ್ ರೆಮಾಕ್ ತೋರಿಸಿದ. 1855ರಲ್ಲಿ ಅದನ್ನೇ ಒಂದು ಸಾಲಿನಲ್ಲಿ ಹೇಳಿ ಹೆಸರು ಮಾಡಿದವನು ರುಡಾಲ್ಫ್ ವಿರ್ಶೋ. ರೆಮಾಕ್‌ನ ಹೆಸರು ಈಗ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ.

ಕೋಶ ಒಡೆಯುವುದನ್ನು ನಾನು ಮೊದಲು ಕಂಡದ್ದು ಬಿಎಸ್ಸಿ ಲ್ಯಾಬಿನಲ್ಲಿ, ಮತ್ತೆ ಈರುಳ್ಳಿಯಲ್ಲೇ. ಈ ಸಲ ಬೇರಿನ ತುದಿ. ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿ ಕೂರಿಸಿ, ಅದರ ಬುಡ ಮಾತ್ರ ನೀರಿಗೆ ತಾಗುವಂತಿಟ್ಟರೆ ಎರಡು ಮೂರು ದಿನದಲ್ಲಿ ಬಿಳಿ ಬೇರು ಇಳಿಯುತ್ತದೆ. ಬೆಳಗ್ಗೆಯೇ ತುದಿಗಳನ್ನು ಕತ್ತರಿಸಿ ಆಲ್ಕೋಹಾಲ್ ಮತ್ತು ಅಸಿಟಿಕ್ ಆಮ್ಲದಲ್ಲಿ ಹಾಕಬೇಕು. ಕೋಶಗಳು ಯಾವ ಭಂಗಿಯಲ್ಲಿದ್ದವೋ ಅದೇ ಭಂಗಿಯಲ್ಲಿ ನಿಂತುಬಿಡುತ್ತವೆ. ಆಮೇಲೆ ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ತುಸು ಬಿಸಿ ಮಾಡಿ, ಕವರ್ ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವುದೇ ಕಲೆ. ಕಡಿಮೆ ಒತ್ತಿದರೆ ಕೋಶಗಳು ಗುಂಪಾಗಿ ಒಂದರ ಮೇಲೊಂದು ಕೂತಿರುತ್ತವೆ. ಜಾಸ್ತಿ ಒತ್ತಿದರೆ ಗಾಜು ಚಟ್ ಅನ್ನುತ್ತದೆ. ನಾನು ಮೂರು ಗಾಜು ಒಡೆದು ಬೈಸಿಕೊಂಡೆ.

ನಾಲ್ಕನೇ ಸಲ ಕಂಡಿತು. ಹೆಚ್ಚಿನ ಕೋಶಗಳಲ್ಲಿ ಸುಮ್ನೆ ಒಂದು ದುಂಡನೆ ಕೆಂಪು ಚುಕ್ಕೆ. ಅವು ಸುಮ್ನಿವೆ ಅಂತಲ್ಲ, ಒಡೆಯುವ ಮೊದಲಿನ ತಯಾರಿಯಲ್ಲಿರುತ್ತವೆ. ತಮ್ಮ ಡಿಎನ್‌ಎಯ ಇನ್ನೊಂದು ಪ್ರತಿ ಮಾಡಿಕೊಳ್ಳುವುದು ಆಗಲೇ. ಲ್ಯಾಬಿನಲ್ಲಿ ಬೆಳೆಸಿದ ಮನುಷ್ಯನ ಕೋಶ ಸುಮಾರು 24 ಗಂಟೆಗೊಮ್ಮೆ ಒಡೆಯುತ್ತದೆ ಅಂದರೆ, ಕಣ್ಣಿಗೆ ಕಾಣುವ ಗಲಾಟೆ ಅದರಲ್ಲಿ ಸುಮಾರು ಒಂದು ಗಂಟೆಯದ್ದು ಮಾತ್ರ. ಆದರೆ ಅಲ್ಲಲ್ಲಿ ಕೆಲವು ಕೋಶಗಳು ಒಡೆಯುತ್ತಿರುವಾಗಲೇ ಸಿಕ್ಕಿಬಿದ್ದಿರುತ್ತವೆ. ಒಂದರಲ್ಲಿ ಚುಕ್ಕೆ ಬಿಚ್ಚಿಕೊಂಡು ಡಿಎನ್‌ಎ ಹೊತ್ತ ದಾರಗಳ ಉಂಡೆಯಾಗಿದೆ. ಇನ್ನೊಂದರಲ್ಲಿ ದಾರದ ತುಂಡುಗಳು ದಪ್ಪಗಾಗಿ ಕೋಶದ ನಡುವೆ ಸಾಲು ನಿಂತಿವೆ. ಮತ್ತೊಂದರಲ್ಲಿ ಪ್ರತಿ ತುಂಡೂ ಉದ್ದಕ್ಕೆ ಸೀಳಿ, ಅರ್ಧ ಆ ಕಡೆಗೆ, ಅರ್ಧ ಈ ಕಡೆಗೆ ಹೊರಟಿವೆ. ಎಳೆಯುವ ಎಳೆ ನಡುವೆ ಹಿಡಿದಿರುವುದರಿಂದ ಒಂದೊಂದೂ ಬಗ್ಗಿ ಇಂಗ್ಲಿಷಿನ ವಿ ಅಕ್ಷರದ ಹಾಗಾಗಿದೆ. ಕೊನೆಯದರಲ್ಲಿ ಎರಡು ಉಂಡೆ, ನಡುವೆ ಹೊಸ ಗೋಡೆ ಏಳುತ್ತಿದೆ. ಪ್ರಾಣಿಕೋಶವಾಗಿದ್ದರೆ ಗೋಡೆ ಏಳುವುದಿಲ್ಲ, ಸೊಂಟಕ್ಕೆ ದಾರ ಕಟ್ಟಿ ಬಿಗಿದಂತೆ ಸಣ್ಣಗಾಗುತ್ತಾ ಎರಡಾಗುತ್ತದೆ. ಈ ನಾಲ್ಕು ಹಂತಕ್ಕೆ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೀಲೋಫೇಸ್ ಅನ್ನುತ್ತಾರೆ. ಹೆಸರು ಮರೆತರೂ ಪರವಾಗಿಲ್ಲ, ಆ ದಾರಗಳು ಬೇರೆಯಾಗುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಈ ದಾರದ ಆಟವನ್ನು ವಿವರವಾಗಿ ಚಿತ್ರ ಬರೆದು ತೋರಿಸಿದವನು ವಾಲ್ಟರ್ ಫ್ಲೆಮಿಂಗ್. ಅವನು ನೋಡಿದ್ದು ಸಾಲಮ್ಯಾಂಡರ್ ಎಂಬ, ನೋಡಲು ಹಲ್ಲಿಯಂತಿರುವ ಕಪ್ಪೆಯ ಬಳಗದ ಪ್ರಾಣಿಯ ಮರಿಯ ಕೋಶಗಳನ್ನು. 1882ರಲ್ಲಿ ಅವನು ಈ ಬಗೆಯ ವಿಭಜನೆಯನ್ನು ಮೈಟಾಸಿಸ್ ಎಂದು ಕರೆದ. ಗ್ರೀಕ್ ಭಾಷೆಯಲ್ಲಿ ಮೈಟೋಸ್ ಅಂದರೆ ದಾರ. 1888ರಲ್ಲಿ ವಾಲ್ಡೆಯರ್ ಆ ದಾರಗಳಿಗೆ ಕ್ರೋಮೊಸೋಮ್ ಅಂದ, ಅಂದರೆ ಬಣ್ಣದ ಕಾಯ. ಬಣ್ಣ ಅವುಗಳದ್ದಲ್ಲ, ನಾವು ಹಾಕಿದ್ದನ್ನು ಚೆನ್ನಾಗಿ ಕುಡಿಯುತ್ತವೆ ಅಷ್ಟೇ. ಕನ್ನಡದಲ್ಲಿ ಇದಕ್ಕೆ ವರ್ಣತಂತು ಅನ್ನುತ್ತೇವೆ. ವರ್ಣ ಅಂದರೆ ಬಣ್ಣ, ತಂತು ಅಂದರೆ ದಾರ. ಬಣ್ಣವೂ ಬಂತು, ಫ್ಲೆಮಿಂಗ್‌ನ ದಾರವೂ ಬಂತು. ಕೋಶ ಎಂಬ ಪದದ ಬಗ್ಗೆ ಇಷ್ಟು ಗೊಣಗಿದ ನಾನು ಇದನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ.

ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳೆಲ್ಲ ಸೇರಿ ಕದಿರಿನ ಆಕಾರದಲ್ಲಿರುತ್ತವೆ, ನಡುವೆ ಉಬ್ಬು, ಎರಡೂ ತುದಿ ಚೂಪು. ಕದಿರು ಮುರಿದರೆ ನೂಲುವ ಕೆಲಸ ನಿಂತ ಹಾಗೆ ವಿಭಜನೆಯೂ ಅರ್ಧಕ್ಕೇ ನಿಲ್ಲುತ್ತದೆ. ಅದನ್ನು ಮುರಿಯುವ ವಿಷ ನಮ್ಮ ಮಲೆನಾಡಿನ ಬೇಲಿಗಳಲ್ಲೇ ಇದೆ. ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಹೂ ಬಿಡುವ ಅಗ್ನಿಶಿಖೆ, ಕೆಲವು ಕಡೆ ಗೌರಿ ಹೂ ಅನ್ನುತ್ತಾರಲ್ಲ, ಅದರ ಗೆಡ್ಡೆ ಮತ್ತು ಬೀಜದಲ್ಲಿ ಕಾಲ್ಚಿಸಿನ್ ಇದೆ. ಗೆಡ್ಡೆ ತಿಂದರೆ ಪ್ರಾಣಕ್ಕೇ ಅಪಾಯ. ನಿತ್ಯಪುಷ್ಪದಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯೂ ಇದೇ ಕದಿರಿಗೆ ಕೈ ಹಾಕುತ್ತದೆ. ಲಗಾಮಿಲ್ಲದೆ ಒಡೆಯುತ್ತಾ ಹೋಗುವ ಕೋಶಗಳೇ ತಾನೇ ಕ್ಯಾನ್ಸರ್? ಅವನ್ನು ನಿಲ್ಲಿಸಲು ಹೊರಟ ಇಂಥ ಔಷಧಿಗಳು ಬೇಗ ಬೇಗ ಒಡೆಯುವ ಬೇರೆ ಕೋಶಗಳಿಗೂ ಏಟು ಕೊಡುತ್ತವೆ. ಕೀಮೋ ಮಾಡಿಸಿಕೊಂಡವರ ಕೂದಲು ಉದುರುವುದು ಅದಕ್ಕೇ.

ಈರುಳ್ಳಿಗೆ 16 ವರ್ಣತಂತು. ಮನುಷ್ಯನಿಗೆ 46 ಅಂತ ಈಗ ಮಕ್ಕಳಿಗೂ ಗೊತ್ತು. ಅಂಡಾಣು ಮತ್ತು ವೀರ್ಯಾಣು ಆಗುವಾಗ ಮಾತ್ರ ಮಿಯಾಸಿಸ್ ಎಂಬ ಇನ್ನೊಂದು ಬಗೆಯ ವಿಭಜನೆ ನಡೆದು ಇದು ಅರ್ಧಕ್ಕಿಳಿಯುತ್ತದೆ, 23. ಆದರೆ 1920ರ ದಶಕದಿಂದ 30 ವರ್ಷಕ್ಕೂ ಜಾಸ್ತಿ ಕಾಲ ವಿಜ್ಞಾನಿಗಳೆಲ್ಲ ಮನುಷ್ಯನಿಗೆ 48 ಅಂತಲೇ ನಂಬಿದ್ದರು. 1952ರಲ್ಲಿ ಟಿ.ಸಿ. ಷೂ ಎಂಬಾತನಿಗೆ ಒಂದು ಉಪಾಯ ಸಿಕ್ಕಿತು. ಕೋಶಗಳನ್ನು ಉಪ್ಪು ಕಡಿಮೆಯಿರುವ ನೀರಿನಲ್ಲಿಟ್ಟರೆ ಅವು ಊದಿಕೊಂಡು ವರ್ಣತಂತುಗಳು ಬಿಡಿಬಿಡಿಯಾಗಿ ಹರಡುತ್ತವೆ. ಅಷ್ಟು ಚೆನ್ನಾಗಿ ಕಾಣುತ್ತಿದ್ದರೂ ಅವನು ಎಣಿಸಿದ್ದು 48. ಕಣ್ಣಿಗಿಂತ ಪುಸ್ತಕವನ್ನೇ ಹೆಚ್ಚು ನಂಬಿದ್ದ ಅಂತ ಕಾಣುತ್ತದೆ. 1955ರ ಡಿಸೆಂಬರಿನಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ, ಜಾವಾದಲ್ಲಿ ಹುಟ್ಟಿದ ಜೋ ಹಿನ್ ಟ್ಜಿಯೊ ಅದೇ ಉಪಾಯಕ್ಕೆ ಕಾಲ್ಚಿಸಿನ್ ಸೇರಿಸಿ ಸ್ಲೈಡ್ ಮಾಡಿದ, ಹೆಬ್ಬೆರಳಿನಿಂದ ಒತ್ತುವ ನಮ್ಮ ಲ್ಯಾಬಿನ ಬಗೆಯ ಸ್ಲೈಡೇ. ಎಣಿಸಿದರೆ 46. ಮತ್ತೆ ಮತ್ತೆ ಎಣಿಸಿದರೂ 46. ಆಲ್ಬರ್ಟ್ ಲೆವಾನ್ ಜೊತೆ ಸೇರಿ 1956ರಲ್ಲಿ ಅದನ್ನು ಪ್ರಕಟಿಸಿದ.

ಅವರು ಎಣಿಸಲು ತೆಗೆದುಕೊಂಡದ್ದು ಯಾವ ಕೋಶ ಗೊತ್ತಾ? ಭ್ರೂಣದ ಶ್ವಾಸಕೋಶದಿಂದ ಬೆಳೆಸಿದ ಜೀವಕೋಶಗಳು. ಇದನ್ನು ಹೇಳಿದಾಗ ಅಕ್ಕನ ಮಗಳು ಪೆನ್ಸಿಲ್ ಕಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನೋಟ್ಸಿನಲ್ಲಿ "ಶ್ವಾಸಕೋಶದ ಜೀವಕೋಶ" ಅಂತ ಬರೆದು, ಮೊದಲನೇ ಕೋಶದ ಮೇಲೆ ಚೀಲದ ಚಿತ್ರ, ಎರಡನೆಯದರ ಮೇಲೆ ಒಂದು ಚುಕ್ಕೆ ಹಾಕಿಕೊಂಡಳು.