ಬಯಾಲಜಿ ತಗೊಂಡರೆ ಲೆಕ್ಕದ ಕಾಟ ತಪ್ಪುತ್ತದೆಯೇ?

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಗಣಿತ ಎಂದರೆ ತಲೆನೋವು. ಬಯಾಲಜಿ ಕೊಡಿಸಿದರೆ ಲೆಕ್ಕ ಇರುವುದಿಲ್ಲ ಅಲ್ಲವೇ? ಡಾಕ್ಟರ್ ಸೀಟು ಸಿಗದಿದ್ದರೆ ಮುಂದೇನು?

ಫಲಿತಾಂಶ ಬಂದ ವಾರ ತಪ್ಪದೆ ಬರುವ ಪ್ರಶ್ನೆ. ಎರಡನೆಯದನ್ನು ಮೊದಲು ಮುಗಿಸೋಣ. ಜೀವಿಗಳ ರಚನೆ, ಅವುಗಳ ಒಳಗಿನ ಕೆಲಸ, ಬೆಳವಣಿಗೆ, ಸಂತಾನ, ವಿಕಾಸ, ಸುತ್ತಲಿನ ಪರಿಸರದೊಡನೆ ಅವುಗಳ ವ್ಯವಹಾರ, ಇಷ್ಟನ್ನೂ ಓದುವುದು ಜೀವಶಾಸ್ತ್ರ. ವೈದ್ಯಕೀಯ ಅದರ ಒಂದು ಕೊಂಬೆ ಅಷ್ಟೆ. ಕೃಷಿ, ತೋಟಗಾರಿಕೆ, ಪಶುವೈದ್ಯ, ಮೀನುಗಾರಿಕೆ, ಅರಣ್ಯ, ಸೂಕ್ಷ್ಮಜೀವಿಶಾಸ್ತ್ರ ಎಲ್ಲವೂ ಅದೇ ಮರದವು. ಸೀಟು ಸಿಗದಿದ್ದರೆ ಆಕಾಶ ಬೀಳುವುದಿಲ್ಲ.

ಇನ್ನು "ಬಯಾಲಜಿ ಅಂದ್ರೆ ಬಾಯಿಪಾಠ, ಲೆಕ್ಕವೇ ಇಲ್ಲ" ಎಂಬ ಮಾತು. ಎಷ್ಟು ಸಲ ಕಿತ್ತರೂ ಮತ್ತೆ ಚಿಗುರುತ್ತದೆ. ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತವೆ ಎಂಬುದರ ನಿಯಮ ಕಂಡುಕೊಟ್ಟ ಮೆಂಡೆಲ್‌ಗಿಂತ ಮೊದಲೂ ಗಿಡಗಳನ್ನು ಅಡ್ಡತಳಿ ಮಾಡಿದವರಿದ್ದರು. ಮರೆಯಾದ ಗುಣ ಮುಂದಿನ ಪೀಳಿಗೆಯಲ್ಲಿ ಮರಳುವುದನ್ನೂ ಕಂಡಿದ್ದರು. ಮೆಂಡೆಲ್ ಕೂತು ಎಣಿಸಿದರು. ಬಟಾಣಿಯ ಎರಡನೇ ಪೀಳಿಗೆಯಲ್ಲಿ ದುಂಡು ಬೀಜ 5,474, ಸುಕ್ಕು ಬೀಜ 1,850. ಭಾಗಿಸಿ ನೋಡಿ, 2.96 ಬರುತ್ತದೆ, ಹೆಚ್ಚುಕಡಿಮೆ ಒಂದು ಸುಕ್ಕಿಗೆ ಮೂರು ದುಂಡು. ಆ 3:1 ಅನ್ನು ತೆಗೆದುಹಾಕಿದರೆ 1866ರ ಆ ಪ್ರಬಂಧದಲ್ಲಿ ಉಳಿಯುವುದು ತೋಟದ ಕೆಲಸ ಮಾತ್ರ.

ಆ ಅನುಪಾತವನ್ನೂ ಬಾಯಿಪಾಠ ಮಾಡಿದವರು ಎಡವುತ್ತಾರೆ. ನಾಲ್ಕು ಬೀಜದ ಕಾಯಿಯಲ್ಲಿ ಒಂದು ಸುಕ್ಕು ಇರಲೇಬೇಕು ಎಂದುಕೊಳ್ಳುತ್ತಾರೆ. ನಾಲ್ಕೂ ದುಂಡಾಗಿರುವ ಸಾಧ್ಯತೆ 0.75 × 0.75 × 0.75 × 0.75, ಅಂದರೆ ಸುಮಾರು ಶೇ 32. ಬೀಜದ ವಿಷಯದಲ್ಲಿ ಈ ತಪ್ಪಿಗೆ ಹೋಗುವುದು ಒಂದೆರಡು ಅಂಕ. ತಂದೆ ತಾಯಿ ಇಬ್ಬರೂ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಾಗಿರುವ ಮನೆಯಲ್ಲಿ ಹಾಗಲ್ಲ. "ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ" ಎನ್ನುವುದು ಶುದ್ಧ ತಪ್ಪು. ಪ್ರತಿ ಬಸಿರಿನಲ್ಲೂ ಅಪಾಯ ಮತ್ತೆ ಶೇ 25.

ಸೂಕ್ಷ್ಮದರ್ಶಕದಲ್ಲೂ ಲೆಕ್ಕ ಬಿಡುವುದಿಲ್ಲ. ಕಣ್ಣಿಡುವ ಮಸೂರವಾದ ಐಪೀಸಿನ ಮೇಲೆ ಕ್ಷೇತ್ರಸಂಖ್ಯೆ (ಅದರಲ್ಲಿ ಕಾಣುವ ವೃತ್ತದ ಅಳತೆ, ಮಿ.ಮೀ.ನಲ್ಲಿ) 18 ಎಂದಿದ್ದು, ಕೆಳಗೆ 10 ಪಟ್ಟು ಹಿಗ್ಗಿಸುವ ಆಬ್ಜೆಕ್ಟಿವ್ ಮಸೂರ ಹಾಕಿದ್ದರೆ, ಕಾಣುವ ವೃತ್ತದ ವ್ಯಾಸ 18ನ್ನು 10ರಿಂದ ಭಾಗಿಸಿದಷ್ಟು, 1.8 ಮಿ.ಮೀ. ಈರುಳ್ಳಿ ಪೊರೆಯ ಆರು ಕೋಶಗಳು ಉದ್ದುದ್ದಕ್ಕೆ ಅದನ್ನು ತುಂಬಿದರೆ ಒಂದೊಂದು ಕೋಶ 0.3 ಮಿ.ಮೀ. ಇಲ್ಲಿ ಹಲವರು ಐಪೀಸ್ ಹಿಗ್ಗಿಸುವ 10 ಪಟ್ಟನ್ನೂ ಸೇರಿಸಿ 100ರಿಂದ ಭಾಗಿಸುತ್ತಾರೆ. ಕೋಶ ಹತ್ತು ಪಟ್ಟು ಕುಗ್ಗಿಬಿಡುತ್ತದೆ.

ಹೆದರಬೇಡಿ, ಆರಂಭಕ್ಕೆ ಬೇಕಾದದ್ದು ಅನುಪಾತ, ಶೇಕಡಾ, ಘಾತ, ಗ್ರಾಫ್, ಸಂಭವನೀಯತೆ. ಬಹುಪಾಲು ಅವಳು ಹತ್ತನೇ ತರಗತಿಯೊಳಗೇ ಕಂಡವು. ಪಿಯುನಲ್ಲಿ ಗಣಿತ ಬಿಡಬಹುದು, ಇವನ್ನು ಬಿಡಲಾಗದು.

ಯಾರೂ ಕೇಳದ ಇನ್ನೊಂದು ವಿಷಯ: ಜೀವಶಾಸ್ತ್ರವೆಂದರೆ ಗಿಡ ಮತ್ತು ಪ್ರಾಣಿ, ಎರಡೇ ಅಲ್ಲ. ಅಣಬೆಯ ಪಾಠ ಬಾಟನಿ ವಿಭಾಗದಲ್ಲಿ ನಡೆದರೂ ಅದು ಸಸ್ಯವಲ್ಲ. ಪತ್ರಹರಿತ್ತು ಇಲ್ಲ, ಕೋಶಭಿತ್ತಿಯಲ್ಲಿ ಜಿರಲೆಯ ಹೊರಕವಚದಲ್ಲಿರುವ ಕೈಟಿನ್, ಕೂಡಿಡುವ ಆಹಾರ ನಮ್ಮ ಯಕೃತ್ತಿನಲ್ಲಿರುವಂಥದೇ ಗ್ಲೈಕೋಜನ್. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸುವ ವರ್ಗೀಕರಣ ಮಂಡಿಸಿದಾಗ ಅಣಬೆ ಸೇರಿದ ಶಿಲೀಂಧ್ರಗಳಿಗೆ ಒಂದನ್ನು ಪ್ರತ್ಯೇಕವಾಗಿ ಕೊಟ್ಟರು. ಗಜಕರ್ಣವೂ ಶಿಲೀಂಧ್ರದ್ದೇ ಕೆಲಸ. ಆದ್ದರಿಂದಲೇ ಬ್ಯಾಕ್ಟೀರಿಯಾ ಕೊಲ್ಲುವ ಮಾತ್ರೆ ಅದಕ್ಕೆ ನಾಟುವುದಿಲ್ಲ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ತುರಿಕೆಯನ್ನಷ್ಟೇ ಇಳಿಸುತ್ತದೆ, ಅಷ್ಟರಲ್ಲಿ ಕಲೆ ಹರಡಿರುತ್ತದೆ.