ಉಪ್ಪು ಸಹಿಸುವ ಪಾಚಿ: ಪ್ರೋಟೀನ್ ಎಲ್ಲಿದೆ ಅಂತ ಮೊದಲು ನೋಡಿ

ಈ ಪಾಠದಲ್ಲಿ ತುಂಬಾ ಜನ ಎಡವುವುದು ಒಂದೇ ಕಡೆ. ಉಪ್ಪಿನಲ್ಲಿ ಬದುಕುವ ಜೀವಿ ಅಂದಮೇಲೆ ಅದರ ಎಲ್ಲಾ ಪ್ರೋಟೀನ್‌ಗಳೂ ಉಪ್ಪಿಗೆ ಒಗ್ಗಿರುತ್ತವೆ ಅಂತ ಬರೆದುಬಿಡುತ್ತಾರೆ. ಹ್ಯಾಲೋಆರ್ಕಿಯಾಗಳ (ತೀರಾ ಉಪ್ಪಿನ ನೀರಲ್ಲಿ ಬದುಕುವ, ಬ್ಯಾಕ್ಟೀರಿಯಾದಂತೆ ಕಾಣುವ ಸೂಕ್ಷ್ಮಜೀವಿಗಳ) ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ. ಅವು ಕೋಶದ ಒಳಗೇ ಪೊಟ್ಯಾಸಿಯಂ ಕ್ಲೋರೈಡ್ ತುಂಬಿಕೊಳ್ಳುತ್ತವೆ, ಹಾಗಾಗಿ ಒಳಗಿನ ಎಂಜೈಮ್‌ಗಳು ಉಪ್ಪಿನ ಮಧ್ಯೆಯೇ ಕೆಲಸ ಮಾಡಬೇಕು. ಡ್ಯುನಾಲಿಯೆಲ್ಲಾ ಸಲೈನಾ ಎಂಬ ಪಾಚಿ ಹಿಡಿದಿರುವ ದಾರಿಯೇ ಬೇರೆ.

ಇದು ಒಂದೇ ಕೋಶದ ಹಸಿರು ಪಾಚಿ. ಗಟ್ಟಿ ಕೋಶಭಿತ್ತಿ ಇಲ್ಲ. ಸಮುದ್ರದ ನೀರಿನಲ್ಲಿ ಉಪ್ಪು ಸುಮಾರು 3.5% ಅಲ್ವಾ, ಇದು ಉಪ್ಪು ಹರಳುಗಟ್ಟುವಷ್ಟು ಗಾಢವಾದ ನೀರಿನಲ್ಲೂ ಬದುಕುತ್ತದೆ. ಆದರೂ ಒಳಗೆ ಸೋಡಿಯಂ ಕಡಿಮೆಯೇ, ಯಾಕೆಂದರೆ ಒಳನುಸುಳಿದ್ದನ್ನು ಹೊರದಬ್ಬುತ್ತಲೇ ಇರುತ್ತದೆ. ಹೊರಗಿನ ಆಸ್ಮಾಟಿಕ್ ಒತ್ತಡವನ್ನು (ಉಪ್ಪುನೀರು ಕೋಶದಿಂದ ನೀರೆಳೆಯುವ ಸೆಳೆತವನ್ನು) ಸರಿದೂಗಿಸುವುದು ಕೋಶದೊಳಗೆ ತುಂಬಿಕೊಳ್ಳುವ ಗ್ಲಿಸರಾಲ್. ದಿಢೀರನೆ ಉಪ್ಪು ಜಾಸ್ತಿ ಮಾಡಿದರೆ ಕೋಶ ಕೆಲವೇ ನಿಮಿಷದಲ್ಲಿ ಕುಗ್ಗುತ್ತದೆ, ಆಮೇಲೆ ಪಿಷ್ಟ ಒಡೆದು, ದ್ಯುತಿಸಂಶ್ಲೇಷಣೆಯಿಂದ ಬಂದ ಇಂಗಾಲವನ್ನೂ ಸೇರಿಸಿ ಗ್ಲಿಸರಾಲ್ ಮಾಡಿಕೊಂಡು ಕೆಲವು ಗಂಟೆಗಳಲ್ಲಿ ಮತ್ತೆ ಉಬ್ಬುತ್ತದೆ. ಗ್ಲಿಸರಾಲ್ ಎಷ್ಟು ತುಂಬಿದರೂ ಎಂಜೈಮ್‌ಗಳು ಅಷ್ಟಾಗಿ ಕೆಡುವುದಿಲ್ಲ. ಹಾಗಾಗಿ ಒಳಗಿನ ಪ್ರೋಟೀನ್‌ಗಳು ಉಪ್ಪಿಗಾಗಿ ವಿಶೇಷ ರೂಪ ತಾಳಬೇಕಿಲ್ಲ.

ಬದಲಾಗುವುದು ಅವುಗಳ ಪ್ರಮಾಣ. 2004ರ ಒಂದು ಪ್ರೋಟಿಯೋಮಿಕ್ಸ್ ಅಧ್ಯಯನದಲ್ಲಿ (ಕೋಶದ ಪ್ರೋಟೀನ್‌ಗಳನ್ನು ಒಟ್ಟಾಗಿ ಪರಿಶೀಲಿಸುವ ವಿಧಾನ) ಉಪ್ಪಿನಿಂದ ಹೆಚ್ಚಾದ 76 ಪ್ರೋಟೀನ್‌ಗಳು ಸಿಕ್ಕವು. ಕ್ಯಾಲ್ವಿನ್ ಚಕ್ರದ (ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಮಾಡುವ ಹಂತದ) ಎಂಜೈಮ್‌ಗಳು, ಪಿಷ್ಟ ಒಡೆಯುವಂಥವು, ರೆಡಾಕ್ಸ್ ಶಕ್ತಿ (ಎಲೆಕ್ಟ್ರಾನ್ ಕೊಡುವ ಸಾಮರ್ಥ್ಯ) ಒದಗಿಸುವಂಥವು ಅದರಲ್ಲಿದ್ದವು. ಗ್ಲಿಸರಾಲ್‌ಗೆ ಇಂಗಾಲವೂ ಬೇಕು, ಶಕ್ತಿಯೂ ಬೇಕು, ಲೆಕ್ಕ ಸರಿಹೋಯಿತು.

ನಿಜವಾದ ಉಪ್ಪಿನ ಏಟು ಬೀಳುವುದು ಪೊರೆಯ ಹೊರಮೈಯಲ್ಲಿರುವ ಪ್ರೋಟೀನ್‌ಗಳಿಗೆ. ಉಪ್ಪು ಏರಿದಂತೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಕರಗುತ್ತದೆ, ಕಬ್ಬಿಣವೂ ಸುಲಭಕ್ಕೆ ಸಿಗುವುದಿಲ್ಲ. ಆಗ ಹೊರಮೈಯಲ್ಲಿ ಎರಡು ಪ್ರೋಟೀನ್ ಎದ್ದು ಕಾಣುವಷ್ಟು ಹೆಚ್ಚುತ್ತವೆ: 60 ಕಿಲೋಡಾಲ್ಟನ್‌ನ (ಇದು ಅಣುವಿನ ತೂಕದ ಅಳತೆ) ಕಾರ್ಬೋನಿಕ್ ಆನ್‌ಹೈಡ್ರೇಸ್, ಅಂದರೆ ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೋನೇಟನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಎಂಜೈಮ್, ಮತ್ತು ಕಬ್ಬಿಣ ಹಿಡಿದುಕೊಳ್ಳುವ 150 ಕಿಲೋಡಾಲ್ಟನ್‌ನ ಟ್ರಾನ್ಸ್‌ಫೆರಿನ್ ಜಾತಿಯದು. ಎರಡನೆಯದು ನಮ್ಮ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನಿನ ನೆಂಟ. ಪಾಚಿಯಲ್ಲಿ ಅದು ಸಿಕ್ಕಿದ್ದೇ ಒಂದು ಮಜಾ.

ಈಗ ಸ್ವಲ್ಪ ನಿಧಾನವಾಗಿ ಓದಿ. ಮೊದಲು ಹೇಳಿದ ಹ್ಯಾಲೋಆರ್ಕಿಯಾಗಳ ಪ್ರೋಟೀನ್‌ಗಳ ಮೈತುಂಬ ಆಸ್ಪಾರ್ಟೇಟ್, ಗ್ಲುಟಮೇಟ್ ಎಂಬ ಅಮೈನೋ ಆಮ್ಲಗಳ ಋಣಾವೇಶ. ಅದು ನೀರನ್ನೂ ಅಯಾನುಗಳನ್ನೂ ಸುತ್ತ ಹಿಡಿದಿಡುತ್ತದೆ. ಉಪ್ಪು ಇಳಿದರೆ ಆ ಋಣಾವೇಶಗಳೇ ಒಂದನ್ನೊಂದು ತಳ್ಳಿ ಎಷ್ಟೋ ಪ್ರೋಟೀನ್‌ಗಳು ಬಿಚ್ಚಿಕೊಳ್ಳುತ್ತವೆ. ಪಾಚಿಗೆ ಈ ಉಪಾಯ ಆಗಿಬರುವುದಿಲ್ಲ, ಮಳೆ ಬಂದರೆ ನೀರು ತೆಳುವಾಗುತ್ತದಲ್ಲ! ಅದರ ಇನ್ನೊಂದು ಕಾರ್ಬೋನಿಕ್ ಆನ್‌ಹೈಡ್ರೇಸ್‌ನ ರಚನೆ 2005ರಲ್ಲಿ ಪ್ರಕಟವಾದಾಗ ಕಂಡದ್ದು ಮಧ್ಯಮ ಮಟ್ಟದ, ಮೇಲ್ಮೈಯೆಲ್ಲ ಒಂದೇ ಸಮನಾಗಿ ಹರಡಿದ ಋಣಾವೇಶ. ಅದಕ್ಕೇ ಅದು ಉಪ್ಪಿದ್ದರೂ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಇದೇ ಲಕ್ಷಣ ಸಸ್ತನಿಗಳ ಮೂತ್ರಪಿಂಡದಲ್ಲಿರುವ ಕಾರ್ಬೋನಿಕ್ ಆನ್‌ಹೈಡ್ರೇಸ್ 14ರಲ್ಲೂ ಇದೆ ಅಂತ ಆ ಸಂಶೋಧಕರು ಗಮನಿಸಿ ಪರೀಕ್ಷಿಸಿದರು. ಅದೂ ಉಪ್ಪು ತಡೆದುಕೊಂಡಿತು.